ಕತ್ತರಿಗೆ ಮುನ್ನ ಎರಡು ಕೆಮ್ಮು

ಆ ದಿನದ ತೊಂದರೆ ಮಾಸ್ಟರ ಅಂಗಡಿಗೆ ಒಳ್ಳೆಯ ಸುದ್ದಿಯ ವೇಷ ಹಾಕಿಕೊಂಡು ಬಂತು. ಅವರಿನ್ನೂ ಬಾಗಿಲು ತೆಗೆದು ಹೊಲಿಗೆ ಯಂತ್ರದ ಮೇಲಿನ ಹೊದಿಕೆ ಸರಿಸುತ್ತಿದ್ದರು. ಆಸ್ಪತ್ರೆಯ ಉಗ್ರಾಣದ ಗುಮಾಸ್ತ ಒಳಗೆ ಬಂದು, ನರ್ಸುಗಳಿಗೆಲ್ಲ ಹೊಸ ಕೋಟು ಹೊಲಿಸುವುದೆಂದು ತೀರ್ಮಾನವಾಗಿದೆ, ಒಟ್ಟು ಇನ್ನೂರು, ಈ ಊರಿನಲ್ಲಿ ಕೋಟಿಗೆ ಕತ್ತರಿ ಹಾಕುವವರು ಅಂದರೆ ನೀವೇ ತಾನೇ ಅಂದ. ಮಾಸ್ಟರ ಎದೆ ಗಂಜಿ ಹಾಕಿದ ಕಾಲರಿನ ಹಾಗೆ ಸೆಟೆದು ನಿಂತಿತು. ಗುಮಾಸ್ತ ಮೆಟ್ಟಿಲಿಳಿಯುವಾಗ ಏನೋ ನೆನಪಾದವನಂತೆ ತಿರುಗಿ, ಹೊಲಿಗೆ ತರಬೇತಿ ಕೇಂದ್ರದ ಸರ್ಟಿಫಿಕೇಟಿನ ಒಂದು ನಕಲು ಸಂಜೆಯೊಳಗೆ ಕಳಿಸಿಬಿಡಿ ಎಂದು ಸೇರಿಸಿದ.

ಮಾಸ್ಟರ ಬಳಿ ಸರ್ಟಿಫಿಕೇಟು ಇರಲಿಲ್ಲ. ಮೂವತ್ತೆಂಟು ವರ್ಷ ಕತ್ತರಿ ಹಿಡಿದು ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ ಇತ್ತು. ಅದರ ನಕಲು ತೆಗೆಸುವ ಹಾಗಿರಲಿಲ್ಲ. ಗುಮಾಸ್ತನೇ ಸಮಾಧಾನ ಹೇಳಿದ: ಕೇಂದ್ರದಲ್ಲಿ ಇವತ್ತೇ ಪರೀಕ್ಷೆ ನಡೆಯುತ್ತಿದೆ, ಅನುಭವಸ್ಥರು ನೇರ ಹೋಗಿ ಒಂದು ತುಂಡು ಕತ್ತರಿಸಿ ತೋರಿಸಿದರೆ ಸಾಕು, ಅಲ್ಲೇ ಬರೆದು ಕೊಡುತ್ತಾರೆ.

ಮಾಸ್ಟರು ಹೋಗುವುದಿಲ್ಲ ಎಂದು ನಿರ್ಧರಿಸಿದರು. ಆ ನಿರ್ಧಾರ ಐದು ನಿಮಿಷವೂ ಬಾಳಲಿಲ್ಲ, ಏಕೆಂದರೆ ಪಕ್ಕದ ಅಂಗಡಿಯವನಿಗೆ ಎಲ್ಲವೂ ಕೇಳಿಸಿತ್ತು. ಅವನು ಅಂಗಿಗೆ ಹಾಕುವ ಗುಂಡಿ ಮಾರುವವನು. ಬೀದಿಯಲ್ಲಿ ಎಲ್ಲರೂ ಅವನನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಅವನ ಸಲಹೆ ಕೇಳಿದವರು ಬೀಳುತ್ತಿದ್ದದ್ದು ಇನ್ನೊಂದು ಬಗೆಯ ಗುಂಡಿ. ಅವನು ತನ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು, ಮಾಸ್ಟ್ರೇ, ಪರೀಕ್ಷೆ ಮಾಡುವವರೆಲ್ಲ ನಿಮ್ಮ ಮುಂದೆ ನಿನ್ನೆ ಮೊನ್ನೆ ಹುಟ್ಟಿದವರು, ನಿಮ್ಮ ಕೈ ನೋಡಿದರೆ ಅವರೇ ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಾರೆ, ನಾನೂ ಬರುತ್ತೇನೆ ನಡೆಯಿರಿ, ಎಂದು ಅವರ ಕತ್ತರಿಯನ್ನು ತಾನೇ ಚೀಲಕ್ಕೆ ಹಾಕಿಬಿಟ್ಟ.

ಅಂಗಡಿಯ ಹಿಂದಿನ ಎರಡು ಕೋಣೆಯೇ ಮಾಸ್ಟರ ಮನೆ. ಹೆಂಡತಿ ಬಾಗಿಲಿಗೆ ಬಂದು ಊಟದ ಡಬ್ಬಿ ಕೊಟ್ಟಳು.

"ಹೋಗಿ ಬನ್ನಿ. ಅಲ್ಲಿ ಸಿಟ್ಟು ಮಾತ್ರ ಮಾಡ್ಕೋಬೇಡಿ."

ಸಿಟ್ಟು ಎಂಬ ಮಾತು ಆ ಮನೆಯಲ್ಲಿ ಬಂದರೆ ಅದು ಒಂದೇ ಸಂಗತಿಯ ಮೇಲಿನ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಮಾಸ್ಟರು ಡಬ್ಬಿ ತೆಗೆದುಕೊಂಡು ಹೊರಟರು.

ಸಂಗತಿ ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ ಹೆಂಡತಿಯ ತಮ್ಮ ಕೆಲಸ ಕಲಿಯಲು ಇವರ ಅಂಗಡಿಗೆ ಬಂದ. ಆಗಲೇ ಮೀಸೆ ಬಂದಿದ್ದ ಆಳು, ಬುದ್ಧಿ ಚುರುಕು, ಆದರೆ ಒಂದು ದುರ್ಗುಣ: ಪ್ರತಿಯೊಂದಕ್ಕೂ "ಯಾಕೆ ಭಾವ?" ಎಂದು ಕೇಳುತ್ತಿದ್ದ. ಬಟ್ಟೆಯನ್ನು ಅಡ್ಡ ಯಾಕೆ ಹಾಸಿದಿರಿ, ಇಲ್ಲಿ ಅರ್ಧ ಬೆರಳು ಯಾಕೆ ಬಿಟ್ಟಿರಿ. ಮಾಸ್ಟರಿಗೆ ಅವರ ಮಾಸ್ಟರು ಯಾವುದನ್ನೂ ಬಿಡಿಸಿ ಹೇಳಿರಲಿಲ್ಲ. ಹೇಳಬೇಕೆಂದರೆ ಇವರಿಗೆ ಮಾತೂ ಬರುತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು ಅವರು ಅಳತೆಕೋಲಿನಿಂದ ಬಾಮೈದನ ಬೆರಳ ಗೆಣ್ಣಿಗೆ ಒಂದು ಕೊಟ್ಟು, "ದಡ್ಡಾ, ನೋಡಿ ಕಲಿ" ಅನ್ನುತ್ತಿದ್ದರು. ಐದು ವರ್ಷ ಅದೊಂದೇ ಪಾಠ.

ಕೊನೆಗೆ ಒಂದು ದಿನ ಮದುವೆ ಗಂಡಿನ ಕೋಟು ಕೆಟ್ಟಿತು. ಎರಡು ತೋಳೂ ಎಡಗೈಯದೇ ಆಗಿದ್ದವು. ಕತ್ತರಿಸಿದವನು ಬಾಮೈದ. ಮಾಸ್ಟರು ಗಿರಾಕಿಗಳ ಮುಂದೆಯೇ ಅವನಿಗೆ ಹೊಡೆದು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು ಹೊರಗೆ ಹಾಕಿದರು. ಒಂದು ವಾರವಾದ ಮೇಲೆ ಕೆಟ್ಟ ತೋಳುಗಳನ್ನು ಬಿಚ್ಚುವಾಗ ಒಳಮಗ್ಗುಲಲ್ಲಿ ಗುರುತಿನ ಗೆರೆಗಳು ಕಂಡವು. ಕಾಗದದ ಅಚ್ಚನ್ನು ಮಗುಚದೆ ಎರಡೂ ಸಲ ಒಂದೇ ಕಡೆಯಿಂದ ಗೆರೆ ಎಳೆದಿದ್ದವರು ಬೇರೆ ಯಾರೂ ಅಲ್ಲ, ಸ್ವತಃ ಮಾಸ್ಟರು. ಅವರು ಆ ತೋಳುಗಳನ್ನು ಯಂತ್ರ ಒರೆಸುವ ಬಟ್ಟೆ ಮಾಡಿ ಸುಮ್ಮನಾದರು. ಯಾರಿಗೂ ಹೇಳಲಿಲ್ಲ. ಹೆಂಡತಿಗೆ ತಮ್ಮನಿಂದ ಆಗಾಗ ಕಾಗದ ಬರುತ್ತಿತ್ತು. ಅವನೂ ಎಲ್ಲೋ ಹೊಲಿಗೆ ಕಲಿಸುತ್ತಾನಂತೆ ಎಂದು ಅವಳು ಒಮ್ಮೆ ಗೋಡೆಗೆ ಹೇಳುವ ಹಾಗೆ ಹೇಳಿದ್ದಳು. ಎಲ್ಲಿ ಎಂದು ಇವರು ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಇಪ್ಪತ್ತೆರಡು ವರ್ಷದಿಂದ ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದರು.

ತರಬೇತಿ ಕೇಂದ್ರ ಒಂದು ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿತ್ತು. ಉದ್ದನೆಯ ಹಾಲು, ಸಾಲಾಗಿ ಮೇಜುಗಳು, ಮೂವತ್ತು ಜನ ಕಲಿಯುವವರು. ಪರೀಕ್ಷೆ ಮಾಡುತ್ತಿದ್ದ ಟೀಚರಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಅವಳ ಕೈಯಲ್ಲಿ ಹನ್ನೆರಡು ಸಾಲಿನ ಒಂದು ಹಾಳೆ ಇತ್ತು. ಒಂದೊಂದು ಸಾಲಿನ ಮುಂದೆಯೂ ಒಂದು ಚೌಕ. ಅವಳು ಮಾಸ್ಟರಿಗೆ ಬಿಳಿ ಬಟ್ಟೆ ಕೊಟ್ಟು, ಕೋಟಿನ ಮುಂಭಾಗ ಕತ್ತರಿಸಿ ತೋರಿಸಿ ಅಂದಳು.

ಮಾಸ್ಟರು ಬಟ್ಟೆ ಹಾಸಿದರು, ಅಂಗೈಯಿಂದ ಒಮ್ಮೆ ಸವರಿದರು, ನಾಲ್ಕು ಗೆರೆ ಎಳೆದರು, ಕತ್ತರಿ ಹಾಕಿದರು. ಕತ್ತರಿ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿತು. ಗುಂಡಿ ಸುತ್ತ ನಿಂತವರನ್ನೆಲ್ಲ ನೋಡಿದ್ರಾ ನೋಡಿದ್ರಾ ಎಂದು ಕೇಳುತ್ತಾ ಬಂದ. ಟೀಚರು ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು, ಅಳತೆ ಹಾಕಿದಳು, ಮತ್ತೆ ಹಾಕಿದಳು. ಆಮೇಲೆ ತುಂಬ ಸಂಕಟದ ಮುಖ ಮಾಡಿದಳು.

"ಕತ್ತರಿಸಿದ್ದು ಚೆನ್ನಾಗಿದೆ ಸರ್. ಆದರೆ ಕ್ರಮ ತಪ್ಪಿದೀರಿ. ಐದನೇದನ್ನ ಮಾಡಲೇ ಇಲ್ಲ."

"ಐದನೇದು ಏನಮ್ಮ?"

"ಕೆಮ್ಮು."

ಮಾಸ್ಟರು ಕಿವಿಯ ಮೇಲೆ ಕೈ ಆಡಿಸಿಕೊಂಡರು. ಟೀಚರು ಬಿಡಿಸಿ ಹೇಳಿದಳು: ಕತ್ತರಿ ಹಾಕುವ ಮುನ್ನ ಎರಡು ಸಲ ಕೆಮ್ಮಬೇಕು, ಒಂದು ಉದ್ದ, ಒಂದು ಗಿಡ್ಡ, ಉದ್ದದ್ದು ಬಟ್ಟೆಗೆ, ಗಿಡ್ಡದ್ದು ಕತ್ತರಿಗೆ. ಅದು ಇಲ್ಲಿಯ ಪದ್ಧತಿ.

"ನನಗೆ ಕೆಮ್ಮಿಲ್ಲಮ್ಮ. ವಾಸಿಯಾಗಿ ಹನ್ನೆರಡು ವರ್ಷ ಆಯ್ತು."

"ಅದಕ್ಕೇ ಕಲೀಬೇಕು ಸರ್" ಎಂದ ಟೀಚರು, ಮೇಜಿನ ಅಂಚಿಗೆ ಎರಡು ಬೆರಳು ಊರಿ, ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ಎರಡು ಸಲ ಕೆಮ್ಮಿ ತೋರಿಸಿದಳು.

ಮಾಸ್ಟರಿಗೆ ಕಳೆದುಹೋದ ಛತ್ರಿಯನ್ನು ಗುರುತಿಲ್ಲದವರ ಕೈಯಲ್ಲಿ ಕಂಡ ಹಾಗಾಯಿತು. ಆ ಕೆಮ್ಮು ಅವರದೇ. ಸಿಗರೇಟು ಸೇದುತ್ತಿದ್ದ ಕಾಲದಲ್ಲಿ, ಕತ್ತರಿ ಎತ್ತಿಕೊಳ್ಳುವ ಮೊದಲು ಸಿಗರೇಟನ್ನು ಮೇಜಿನ ಅಂಚಿಗೆ ಇಡುತ್ತಿದ್ದರು. ಹೊಗೆ ಗಂಟಲಿಗೆ ಹತ್ತಿ ಎರಡು ಸಲ ಕೆಮ್ಮು ಬರುತ್ತಿತ್ತು, ಮೊದಲು ಉದ್ದ, ಆಮೇಲೆ ಗಿಡ್ಡ. ಟೀಚರ ಬೆರಳುಗಳ ನಡುವೆ ಸಿಗರೇಟಿನಷ್ಟೇ ಜಾಗ ಖಾಲಿ ಇತ್ತು.

ಇದನ್ನು ನಿಮಗೆ ಕಲಿಸಿದವರು ಯಾರು ಎಂದು ಮಾಸ್ಟರು ಕೇಳಿದರು. ನಮ್ಮ ದೊಡ್ಡ ಸರ್ ಅಂದಳು. ಅವರಿಗೆ ಅವರ ಗುರುಗಳು ಕಲಿಸಿದ್ದಂತೆ. ಆ ಗುರುಗಳು ಬಹಳ ದೊಡ್ಡವರಂತೆ, ಪಾಠ ಮಾಡುವಾಗ ವಿವರಣೆಗೆ ಒಂದು ಮಾತನ್ನೂ ಆಡುತ್ತಿರಲಿಲ್ಲವಂತೆ, ಎಲ್ಲವೂ ಕೈಯಲ್ಲೇ ಅಂತೆ. ಆ ಗುರುಗಳ ಮಾತು ಬಂದರೆ ದೊಡ್ಡ ಸರ್ ಎರಡು ನಿಮಿಷ ಸುಮ್ಮನಿದ್ದುಬಿಡುತ್ತಾರೆ.

"ಆ ಗುರುಗಳು ಈಗ ಇದ್ದಾರಾ?" ಎಂದು ಮಾಸ್ಟರು ಕೇಳಿದರು.

"ಇದ್ದಿದ್ದರೆ ಒಂದ್ಸಲಾನಾದರೂ ಬಂದು ನೋಡ್ತಿರಲಿಲ್ವಾ ಸರ್?"

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಗುಂಡಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಮಾಸ್ಟರ ಮುಖ ನೋಡಿದ, ಟೀಚರ ಬೆರಳು ನೋಡಿದ, ಲೆಕ್ಕ ಹಾಕಿದ, ಮತ್ತು ಆ ಗುರುಗಳು ಇವರೇ ಎಂದು ಇಡೀ ಹಾಲಿಗೆ ಕೇಳುವ ಹಾಗೆ ಸಾರಿದ. ಮೂವತ್ತು ಜನ ಕೆಲಸ ನಿಲ್ಲಿಸಿ ತಿರುಗಿದರು. ಮುಂದಿನ ಸಾಲಿನ ಕನ್ನಡಕದ ಹೆಂಗಸೊಬ್ಬಳು, ಹಾಗಾದರೆ ಒಮ್ಮೆ ಕೆಮ್ಮಲಿ ಅಂದಳು. ಮಾಸ್ಟರು ಪ್ರಯತ್ನಪಟ್ಟರು. ಹನ್ನೆರಡು ವರ್ಷದಿಂದ ಬೀಗ ಹಾಕಿದ್ದ ಗಂಟಲಿನಿಂದ ಬಂದದ್ದು ಬೆಕ್ಕು ಬಾಗಿಲ ಸಂದಿಗೆ ಸಿಕ್ಕಿಕೊಂಡಾಗ ಬರುವಂಥ ಸದ್ದು. ಎಲ್ಲರೂ ಮರ್ಯಾದೆಯಿಂದ ಮುಖ ತಿರುಗಿಸಿಕೊಂಡರು. ಟೀಚರು ಮಾತ್ರ ಬೇಜಾರು ಮಾಡಿಕೊಳ್ಳಬೇಡಿ ಸರ್, ಮೊದಮೊದಲು ಎಲ್ಲರಿಗೂ ಹಾಗೇ ಆಗುತ್ತದೆ, ಮಧ್ಯಾಹ್ನ ದೊಡ್ಡ ಸರ್ ಅವರೇ ಬಂದು ಮರುಪರೀಕ್ಷೆ ಮಾಡುತ್ತಾರೆ, ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಕಲಿಯಿರಿ, ಅಂದಳು.

ಕೊನೆಯ ಎರಡು ಮಾತು ಮಾಸ್ಟರಿಗೆ ಗೆಣ್ಣಿನ ಮೇಲೆ ಅಳತೆಕೋಲು ಬಿದ್ದ ಹಾಗೆ ಬಿತ್ತು. ಎದ್ದು ಮನೆಗೆ ಹೋಗಿಬಿಡಬಹುದಿತ್ತು. ಆದರೆ ದೊಡ್ಡ ಸರ್ ಬರುತ್ತಾರೆ ಅಂದಿದ್ದಳು. ಅವರು ಹಿಂದಿನ ಬೆಂಚಿಗೆ ಹೋಗಿ, ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಸದೆ, ಅಡ್ಡಡ್ಡ ಕೂತರು.

ಪಾಠ ಶುರುವಾಯಿತು. ಮೂವತ್ತು ಕತ್ತರಿಗಳು ಒಟ್ಟಿಗೆ ಮೇಲೆದ್ದವು. ಮೂವತ್ತು ಉದ್ದ ಕೆಮ್ಮು, ಮೂವತ್ತು ಗಿಡ್ಡ ಕೆಮ್ಮು. ಹಾಲು ಒಂದು ಕ್ಷಣ ಕ್ಷಯದ ವಾರ್ಡಿನ ಹಾಗೆ ಕೇಳಿಸಿತು. ಆಮೇಲೆ ಕತ್ತರಿಗಳು ನಡೆಯತೊಡಗಿದವು, ಅವುಗಳ ಜೊತೆಗೆ ಎಲ್ಲರ ಬಾಯಿಂದಲೂ ಮೆಲ್ಲನೆ ಒಂದು ತಾಳ ಬಂತು: "ಡಡ್ಡನೋ ಡಿಕಲಿ, ಡಡ್ಡನೋ ಡಿಕಲಿ." ಡಡ್ಡನೋ ಅಂದಾಗ ಕತ್ತರಿ ತೆರೆಯುತ್ತಿತ್ತು, ಡಿಕಲಿ ಅಂದಾಗ ಮುಚ್ಚುತ್ತಿತ್ತು.

ಗುಂಡಿ ಪಕ್ಕದ ಮುದುಕರೊಬ್ಬರನ್ನು ಅದರ ಅರ್ಥ ಕೇಳಿದ. ಅರ್ಥ ಇಲ್ಲ, ಅದು ಹಳೆಯ ಕಾಲದ ದರ್ಜಿಗಳ ತಾಳ, ಹಾಳೆಯಲ್ಲಿ ಆರನೆಯ ಸಾಲು ಎಂದು ಉತ್ತರ ಬಂತು.

ಮಾಸ್ಟರು ಮೊದಲು ಸುಮ್ಮನೆ ಕೇಳಿಸಿಕೊಂಡರು. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡರು. ತಾವೂ ತುಟಿಯೊಳಗೇ ಹೇಳಿ ನೋಡಿದರು, ಒಮ್ಮೆ, ಎರಡು ಸಲ, ಸ್ವಲ್ಪ ನಿಧಾನವಾಗಿ, ಪದ ಬಿಡಿಸಿ. ಮೂರನೆಯ ಸಲಕ್ಕೆ ಅದು ಬಾಯಲ್ಲೇ ಒಡೆದುಕೊಂಡಿತು. ದಡ್ಡಾ, ನೋಡಿ ಕಲಿ. ದಡ್ಡಾ, ನೋಡಿ ಕಲಿ.

ಐದು ವರ್ಷ ಒಬ್ಬನೇ ಒಬ್ಬನಿಗೆ ಹೇಳಿದ ಬೈಗಳು ಈಗ ಮೂವತ್ತು ಬಾಯಿಂದ ಅವರ ಕಡೆಗೇ ವಾಪಸು ಬರುತ್ತಿತ್ತು, ಅದೂ ಎಷ್ಟು ಭಕ್ತಿಯಿಂದ. ಅವರಿಗೆ ನಗು ಬರಬೇಕಾಗಿತ್ತು. ಬರಲಿಲ್ಲ.

ಊಟದ ಹೊತ್ತಿಗೆ ಟೀಚರು ಇಬ್ಬರನ್ನೂ ಮೂಲೆಗೆ ಕರೆದು ಕೆಮ್ಮು ಹೇಳಿಕೊಟ್ಟಳು. ಮಾಸ್ಟರಿಗೆ ಹತ್ತಲಿಲ್ಲ. ಉದ್ದದ್ದು ಬಂದರೆ ಗಿಡ್ಡದ್ದು ಬರುತ್ತಿರಲಿಲ್ಲ, ಎರಡೂ ಬಂದರೆ ಬಿಕ್ಕಳಿಕೆ ಜೊತೆಗೆ ಬರುತ್ತಿತ್ತು. ಜೀವಮಾನದಲ್ಲಿ ಒಂದು ಕರವಸ್ತ್ರವನ್ನೂ ಕತ್ತರಿಸದ ಗುಂಡಿ ಮಾತ್ರ ಮೊದಲ ಸಲಕ್ಕೇ ಎಂಥ ಕೆಮ್ಮು ಕೆಮ್ಮಿದ ಅಂದರೆ ಟೀಚರು ಅವನಿಗೆ ಪ್ರವೇಶದ ಅರ್ಜಿ ತಂದುಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಿಚಿ ಜೇಬಿನಲ್ಲಿಟ್ಟುಕೊಂಡು, ನೋಡಿ ಮಾಸ್ಟ್ರೇ, ಗಂಟಲನ್ನು ಹೀಗೆ ಬಿಡಬೇಕು ಎಂದು ಪಾಠ ಹೇಳತೊಡಗಿದ.

ಮಾಸ್ಟರು ಅವನ ಮಾತು ಕೇಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಅವರು ಮನಸ್ಸಿನಲ್ಲಿ ಒಂದು ಮಾತನ್ನು ಜೋಡಿಸುತ್ತಿದ್ದರು. ಇವತ್ತು ಎಲ್ಲರ ಮುಂದೆ ಹೇಳಿಬಿಡಬೇಕು. ಎಲ್ಲರ ಮುಂದೆ ಹೊಡೆದದ್ದು, ಎಲ್ಲರ ಮುಂದೆಯೇ ಒಪ್ಪಿಕೊಳ್ಳಬೇಕು. ಕೆಮ್ಮು ಕಾಯಿಲೆ, ತಾಳ ಬೈಗಳು, ಇವುಗಳಿಂದ ಈ ಪಾಪದ ಜನಕ್ಕೆ ಬಿಡುಗಡೆ ಕೊಡಿಸಬೇಕು. ಕೋಟಿನ ವಿಷಯ ಹೇಳಬೇಕು. ಕಡೆಗೆ, ಮನೆಗೆ ಬಾ, ನಿನ್ನ ಅಕ್ಕ ಕಾಯುತ್ತಿದ್ದಾಳೆ ಎಂದು ಕರೆಯಬೇಕು. ಸರ್ಟಿಫಿಕೇಟು ಬಂದರೆ ಬರಲಿ, ಬಿಟ್ಟರೆ ಬಿಡಲಿ.

ಮೂರು ಗಂಟೆಗೆ ದೊಡ್ಡ ಸರ್ ಬಂದರು. ತಲೆ ಪೂರ್ತಿ ನರೆತಿತ್ತು. ನಡಿಗೆ ಅದೇ, ಬಲಗೈಯ ಬೆರಳುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಡೆಯುವ ರೀತಿಯೂ ಅದೇ. ಸಂಜೆಯೊಳಗೆ ಇನ್ನೊಂದು ಊರಿನ ಕೇಂದ್ರಕ್ಕೆ ಹೋಗಬೇಕಂತೆ, ಕೆಳಗೆ ಜೀಪು ಕಾಯುತ್ತಿತ್ತು. ಮರುಪರೀಕ್ಷೆಯವರ ಪಟ್ಟಿಯಲ್ಲಿ ಮೊದಲು ಮಾಸ್ಟರ ಸರದಿ. ಅವರು ಮೇಜಿನ ಮುಂದೆ ಹೋಗಿ ನಿಂತರು. ದೊಡ್ಡ ಸರ್ ಹಾಳೆಯಿಂದ ತಲೆ ಎತ್ತಿದರು, ಹಾಗೇ ಉಳಿದರು.

"ಭಾವ" ಅಂದರು.

ಟೀಚರ ಕೈಯಿಂದ ಪೆನ್ಸಿಲು ಬಿತ್ತು. ಗುಂಡಿ ಮುಂದಿನ ಸಾಲಿನ ಕನ್ನಡಕದ ಹೆಂಗಸಿನ ಕಡೆ ತಿರುಗಿ, ನಾನು ಹೇಳಿರಲಿಲ್ಲವಾ ಎಂಬಂತೆ ಹುಬ್ಬು ಹಾರಿಸಿದ.

ಮಾಸ್ಟರಿಗೆ ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಲಿಲ್ಲ. ಹಾಲಿನ ಕಡೆ ತಿರುಗಿಯೇ ಶುರು ಮಾಡಿದರು. ಇದನ್ನೆಲ್ಲ ಬಿಟ್ಟುಬಿಡಿ, ಆ ಕೆಮ್ಮು ನನ್ನ ಸಿಗರೇಟಿನದು, ಅದರಲ್ಲಿ ವಿದ್ಯೆ ಇಲ್ಲ. ನೀವು ಹೇಳುವ ತಾಳ ತಾಳವಲ್ಲ, ನಾನು ಇವನಿಗೆ, ಇವರಿಗೆ, ಐದು ವರ್ಷ ಬೈದ ಬೈಗಳು, ಎಂದು ಪದ ಬಿಡಿಸಿ ಹೇಳಿದರು. ಮೂವತ್ತು ಜನರ ಬಾಯಿ ತುಸುವೇ ತೆರೆದುಕೊಂಡಿತು. ದೊಡ್ಡ ಸರ್ ಮಾತ್ರ ಅಲುಗಲಿಲ್ಲ.

"ಗೊತ್ತು ಭಾವ."

"ಗೊತ್ತಿದ್ದೂ ಕಲಿಸ್ತಿದೀಯಾ?"

"ಯಾವುದು ಕೆಲಸ, ಯಾವುದು ಕಾಯಿಲೆ ಅಂತ ನೀವು ಹೇಳಿರಲಿಲ್ಲ. ಅದಕ್ಕೆ ಒಂದೊಂದೇ ಬಿಟ್ಟು ನೋಡಿದೆ."

ಅವರು ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾ ಹೋದರು. ಭಾವ ಕತ್ತರಿಸುವಾಗ ಮಧ್ಯೆ ಒಮ್ಮೆ ಕಿಟಕಿ ಕಡೆ ನೋಡುತ್ತಿದ್ದರು; ಅದನ್ನು ಬಿಟ್ಟು ನೋಡಿದರೆ ಏನೂ ಆಗಲಿಲ್ಲ, ಬಿಟ್ಟೇಬಿಟ್ಟೆವು. ಎದುರು ಚಹಾದಂಗಡಿ ಇತ್ತು ಎಂದು ಆಮೇಲೆ ನೆನಪಾಯಿತು. ಕೆಮ್ಮು ಬಿಟ್ಟಾಗ ಹೊಸಬರ ಕೈ ನಡುಗಿತು. ಎರಡು ಸಲ ಕೆಮ್ಮಿದರೆ ಎದೆಯ ಉಸಿರು ಖಾಲಿಯಾಗುತ್ತದೆ, ಉಸಿರು ಖಾಲಿಯಾದ ಗಳಿಗೆಯಲ್ಲಿ ಕೈ ಅಲ್ಲಾಡುವುದಿಲ್ಲ. ತಾಳ ಬಿಟ್ಟಾಗ ಎಲ್ಲರೂ ಅವಸರ ಮಾಡಿ ಗೆರೆ ದಾಟಿದರು. ಇಟ್ಟುಕೊಂಡರೆ ಕತ್ತರಿ ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ. ಹೀಗೆ ಹನ್ನೊಂದು ವರ್ಷ ಸೋಸಿ ಈ ಹಾಳೆ ಆಗಿದೆ. ಅಚ್ಚು ಹಾಕುವುದು, ಅಳತೆ, ಅಂಚು ಬಿಡುವುದು, ಎಲ್ಲಕ್ಕೂ ಈಗ ಬೇರೆಯವರಿಂದ ಇನ್ನೂ ಒಳ್ಳೆಯ ದಾರಿಗಳು ಸಿಕ್ಕಿವೆ.

"ನಿಮ್ಮಿಂದ ಬಂದದ್ದರಲ್ಲಿ ಉಳಿದಿರೋದು ಅವೆರಡೇ ಭಾವ. ಕೆಮ್ಮು, ತಾಳ."

ಇದನ್ನು ಅವರು ಚುಚ್ಚಲು ಹೇಳಲಿಲ್ಲ. ಹೇಳಿದ್ದರೆ ಮಾಸ್ಟರಿಗೆ ಎಷ್ಟೋ ಹಗುರಾಗುತ್ತಿತ್ತು. ಮೂವತ್ತೆಂಟು ವರ್ಷದ ವಿದ್ಯೆಯಲ್ಲಿ ಲೋಕಕ್ಕೆ ಬೇಕಾದದ್ದು ಹೊಗೆ ಮತ್ತು ಬೈಗಳು. ಮಾಸ್ಟರ ಕನ್ನಡಕ ಮಸುಕಾಯಿತು. ತೆಗೆದು, ಅಂಗಿಯ ಚುಂಗಿನಿಂದ ಎಡ ಗಾಜು ಒರೆಸಿದರು, ಬಲ ಗಾಜು ಒರೆಸಿದರು, ಕೈಯಲ್ಲೇ ಹಿಡಿದುಕೊಂಡರು.

"ಆ ಮದುವೆ ಕೋಟು. ಗೆರೆ ಹಾಕಿದ್ದು ನಾನು. ಆಮೇಲೆ ಗೊತ್ತಾಯ್ತು, ಗೊತ್ತಾದ ಮೇಲೂ ಹೇಳಲಿಲ್ಲ. ತಪ್ಪಾಯ್ತು."

"ಅದೂ ಗೊತ್ತಿತ್ತು ಭಾವ. ಕತ್ತರಿ ಹಾಕೋವಾಗಲೇ ಕಂಡಿತ್ತು."

"ಮತ್ತೆ ಆವಾಗಲೇ ಹೇಳಬಾರದಿತ್ತಾ?"

"ಬಾಯಿ ಮುಚ್ಕೊಂಡು ಕತ್ತರಿಸು ಅಂದಿದ್ರಿ."

ಬೆನ್ನ ಹಿಂದೆ ಮಾಸ್ಟರಿಗೆ ಒಂದು ಸದ್ದು ಕೇಳಿಸಿತು, ಒಣ ಎಲೆಯ ಮೇಲೆ ಇರುವೆ ಸಾಲು ನಡೆದ ಹಾಗೆ. ತಿರುಗಿ ನೋಡಿದರು. ಮೂವತ್ತು ಜನ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ದೊಡ್ಡ ಸರ್ ಅವರ ಗುರುಗಳು ಕಣ್ಣೆದುರಿಗೇ ಬಂದು ನಿಂತಿದ್ದಾರೆ. ಅವರು ಮಾಡಿದ್ದು ಯಾವುದೂ ತಪ್ಪಿಹೋಗಬಾರದು. ಕನ್ನಡಕದ ಹೆಂಗಸು ಪಕ್ಕದವನನ್ನು, ಮೊದಲು ಒರೆಸಿದ್ದು ಎಡ ಗಾಜಾ ಬಲ ಗಾಜಾ ಎಂದು ಪಿಸುದನಿಯಲ್ಲಿ ಕೇಳುತ್ತಿದ್ದಳು.

ಇನ್ನೊಂದು ಮಾತು ಉಳಿದಿತ್ತು. ಮುಖ್ಯವಾದದ್ದು ಅದೇ. ಮಾಸ್ಟರು ಬಾಮೈದನ ಕಡೆ ನೋಡಿ ಬಾಯಿ ತೆರೆದರು. ಮೂವತ್ತು ಪೆನ್ನುಗಳು ಒಟ್ಟಿಗೆ ಮೇಲೆದ್ದು ಕಾದವು. ಮನೆಗೆ ಬಾ ಎಂಬ ಮಾತು ಹಾಳೆಯ ಮೇಲೆ ಹದಿಮೂರನೆಯ ಸಾಲಾಗಿ ಕೂತದ್ದು ಅವರ ಕಣ್ಣಿಗೆ ಕಟ್ಟಿತು. ಊರೂರಿನ ಕೇಂದ್ರಗಳಲ್ಲಿ ಅದು ತಾಳವಾಗಿ, ಅಕ್ಷರ ಸವೆದು, ಅರ್ಥ ಉದುರಿ ಬಾಯಿಂದ ಬಾಯಿಗೆ ಹೋಗುವುದೂ ಕಂಡಿತು. ಅದೊಂದು ಮಾತನ್ನಾದರೂ ಉಳಿಸಿಕೊಳ್ಳೋಣ ಅನ್ನಿಸಿತು. ಅವರು ಬಾಯಿ ಮುಚ್ಚಿದರು.

ದೊಡ್ಡ ಸರ್ ಬಟ್ಟೆಯನ್ನು ಮುಂದೆ ಸರಿಸಿ, "ಕತ್ತರಿಸಿ ಭಾವ" ಅಂದರು.

ಮಾಸ್ಟರು ಕತ್ತರಿ ಎತ್ತಿಕೊಂಡರು. ಇಷ್ಟೆಲ್ಲ ಆದ ಮೇಲೆ ಕೆಮ್ಮಲು ನೆನಪಾಗಲಿಲ್ಲ. ಎದೆ ತುಂಬ ಉಸಿರು ತುಂಬಿಕೊಂಡಿತ್ತು, ಕೈ ನಡುಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವರ ಕತ್ತರಿ ಗೆರೆ ಬಿಟ್ಟು ಅರ್ಧ ಬೆರಳು ಒಳಗೆ ಹೋಯಿತು. ದೊಡ್ಡ ಸರ್ ತುಂಡನ್ನು ಎತ್ತಿ ನೋಡಿದರು, ಅವರ ಮುಖ ನೋಡಿದರು, ತುಂಡನ್ನು ನೋಡಿದರು. ಅವರು ಸುಳ್ಳು ಗುರುತು ಹಾಕುವ ಪೈಕಿ ಆಗಿರಲಿಲ್ಲ. ಮುಂದಿನ ತಿಂಗಳು ಮತ್ತೆ ಬನ್ನಿ ಎಂದು ಮೆತ್ತಗೆ ಹೇಳಿ, ಚೌಕದಲ್ಲಿ ಅಡ್ಡ ಗೆರೆ ಎಳೆದರು.

ಮಾಸ್ಟರು ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಮರುಪರೀಕ್ಷೆ ಮುಗಿದು ದೊಡ್ಡ ಸರ್ ಜೀಪಿಗೆ ಇಳಿಯುವಾಗ ಈ ದಾರಿಯಲ್ಲೇ ಹೋಗಬೇಕು. ಮೆಟ್ಟಿಲ ಮೇಲೆ ಪೆನ್ನು ಇರುವುದಿಲ್ಲ, ಅಲ್ಲಿ ಹೇಳಿದರಾಯಿತು ಎಂದು ಅವರ ಎಣಿಕೆ. ಗುಂಡಿ ಪಕ್ಕದಲ್ಲಿ ಕೂತು, ಕೆಮ್ಮಿದ್ದಿದ್ದರೆ ಪಾಸಾಗುತ್ತಿದ್ದಿರಿ ಎಂದು ಮೂರು ಸಲ ಹೇಳಿದ.

ಒಳಗೆ ಮುಂದಿನ ಸರದಿ ಕನ್ನಡಕದ ಹೆಂಗಸಿನದು. ತೆರೆದ ಬಾಗಿಲಿನಿಂದ ಎಲ್ಲ ಕಾಣಿಸುತ್ತಿತ್ತು. ಅವಳು ಬಟ್ಟೆ ಹಾಸಿದಳು, ಗೆರೆ ಎಳೆದಳು. ಆಮೇಲೆ ಕನ್ನಡಕ ತೆಗೆದು ಎಡ ಗಾಜು ಒರೆಸಿದಳು, ಬಲ ಗಾಜು ಒರೆಸಿದಳು, ತಪ್ಪಾಯ್ತು ಅಂದಳು. ದೊಡ್ಡ ಸರ್ ಕಡೆ ನೋಡಿ ಬಾಯಿ ತೆರೆದಳು, ಏನೂ ಹೇಳದೆ ಮುಚ್ಚಿಕೊಂಡಳು. ಎರಡು ಸಲ ಕೆಮ್ಮಿ ಕತ್ತರಿ ಹಾಕಿದಳು. ಕತ್ತರಿ ಗೂಟಕ್ಕೆ ಕಟ್ಟಿದ ದಾರದಷ್ಟು ನೇರ ಹೋಯಿತು.

"ಬಾಯಿ ತೆರೆದು ಮುಚ್ಚಿದಿರಲ್ಲ, ಏನು ಹೇಳೋದಿತ್ತು?" ಎಂದು ದೊಡ್ಡ ಸರ್ ಕೇಳಿದ್ದು ಹೊರಗೂ ಕೇಳಿಸಿತು.

"ಗೊತ್ತಿಲ್ಲ ಸರ್. ಅವರು ಹಾಗೇ ಮಾಡಿದ್ರು."

ದೊಡ್ಡ ಸರ್ ಬಾಗಿಲ ಕಡೆ ತಿರುಗಿದರು. ಮಾಸ್ಟರು ತಾವೇ ಅರಿಯದೆ ಬೆಂಚಿನಿಂದ ಅರ್ಧ ಎದ್ದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಟೀಚರು ಹೊಸ ಹಾಳೆ ಹಿಡಿದು, ಇದನ್ನೂ ಸೇರಿಸುವುದಾ ಸರ್ ಎಂದು ಕೇಳಿದಳು. ದೊಡ್ಡ ಸರ್ ಬಾಗಿಲಿನಿಂದ ಕಣ್ಣು ತೆಗೆಯದೆ, ಸದ್ಯಕ್ಕೆ ಇರಲಿ, ಅರ್ಥ ಗೊತ್ತಾಗುವವರೆಗೆ ಯಾವುದನ್ನೂ ಬಿಡಬೇಡಿ, ಅಂದರು. ಅಷ್ಟರಲ್ಲಿ ಜೀಪಿನವನು ಹೊತ್ತಾಯಿತೆಂದು ಹಾರ್ನ್ ಹೊಡೆದ. ಅವರು ಹಿಂದಿನ ಮೆಟ್ಟಿಲಿನಿಂದ ಇಳಿದುಹೋದರು. ಹಿಂದೆಯೂ ಮೆಟ್ಟಿಲಿದೆ ಎಂದು ಮಾಸ್ಟರಿಗೆ ಗೊತ್ತಾದದ್ದು ಆಗಲೇ.

ಜೀಪಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಒಳಗೆ ಟೀಚರು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಹೊಸ ಸಾಲುಗಳನ್ನು ಅಭ್ಯಾಸ ಮಾಡಿಸುತ್ತಿದ್ದಳು. ಮೂವತ್ತು ಜನ ಕನ್ನಡಕ ತೆಗೆದರು. ಇಲ್ಲದವರು ತೆಗೆದ ಹಾಗೆ ಮಾಡಿದರು. ಎಡ ಗಾಜು, ಬಲ ಗಾಜು. ತಪ್ಪಾಯ್ತು. ಆಮೇಲೆ ಮೂವತ್ತು ಬಾಯಿ ಒಟ್ಟಿಗೆ ತೆರೆದು, ಏನನ್ನೋ ಹೇಳಬೇಕೆಂದು ನಿಂತು, ಹೇಳದೆ ಮುಚ್ಚಿಕೊಂಡವು.